ಮೊದಲ ಹತ್ತು ನಿಮಿಷದ ಘಮಕ್ಕೆ ದುಡ್ಡು ಕೊಡಬೇಡಿ

ಪ್ರಶ್ನೆ: ನನಗೆ 31 ವರ್ಷ. ಮಂಗಳೂರಿನ ಬ್ಯಾಂಕೊಂದರಲ್ಲಿ ಕೌಂಟರ್ ಕೆಲಸ. ಇಷ್ಟು ವರ್ಷ ಬಾಡಿ ಸ್ಪ್ರೇಯಲ್ಲೇ ಕಾಲ ಕಳೆದೆ, ಈಗ ಒಂದು ಒಳ್ಳೆಯ ಡಿಸೈನರ್ ಕಲೋನ್ ಇಟ್ಟುಕೊಳ್ಳಬೇಕು ಅನ್ನಿಸಿದೆ. ಏಳೆಂಟು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಮಾಲ್‌ನಲ್ಲಿ ಡಿಯೋರ್ ಸೊವಾಜ್ ಮೂಸಿದೆ, ತುಂಬಾ ಹಿಡಿಸಿತು. ಕೈಗೆ ಹಾಕಿಸಿಕೊಂಡು ಮನೆಗೆ ಬಂದರೆ ಸಂಜೆ ಹೊತ್ತಿಗೆ ಅದೇ ವಾಸನೆ ತಲೆಗೇರಿದಂತಾಯಿತು. ಅಂಗಡಿಯವರು ‘ಇಡಿಟಿ ಬೇಡ ಸರ್, ಇಡಿಪಿ ತಗೊಳ್ಳಿ, ಅದೇ ಒಳ್ಳೆ ಕ್ವಾಲಿಟಿ’ ಅನ್ನುತ್ತಾರೆ. ಗೆಳೆಯನ ಬಾಟಲಿಯಿಂದ ಬೇರೊಂದು ಹಾಕಿಕೊಂಡರೆ ಎರಡೇ ಗಂಟೆಯಲ್ಲಿ ಮಾಯ. ದುಬೈಯಲ್ಲಿರುವ ಭಾವ ಮುಂದಿನ ತಿಂಗಳು ಊರಿಗೆ ಬರುತ್ತಾರೆ, ‘ಏನು ಬೇಕು ಹೇಳು, ತರುತ್ತೇನೆ’ ಎಂದಿದ್ದಾರೆ. ಏನು ಹೇಳಲಿ?

ಉತ್ತರ:

ಭಾವನಿಗೆ ಈಗಲೇ ಹೆಸರು ಹೇಳಬೇಡಿ. ಅವರು ವಿಮಾನ ಹತ್ತುವವರೆಗೆ ನಿಮಗೆ ಸಮಯವಿದೆ, ಅಷ್ಟರಲ್ಲಿ ಮಾಡಬೇಕಾದ ಕೆಲಸವೂ ಇದೆ. ಅದರಲ್ಲಿ ಅರ್ಧವನ್ನು ನಿಮಗೇ ಗೊತ್ತಿಲ್ಲದೆ ಮುಗಿಸಿದ್ದೀರಿ. ಕೈಗೆ ಹಾಕಿಸಿಕೊಂಡಿರಿ, ಅಲ್ಲೇ ಕೊಳ್ಳದೆ ಮನೆಗೆ ಬಂದಿರಿ, ಸಂಜೆಯವರೆಗೂ ಮೂಸಿ ನೋಡಿದಿರಿ. ಇದಕ್ಕಿಂತ ಎರಡು ಪಟ್ಟು ದುಡ್ಡು ಸುರಿಯುವವರೂ ಅಷ್ಟು ತಾಳ್ಮೆ ತೋರಿಸುವುದಿಲ್ಲ. ಸಂಜೆ ನಿಮ್ಮ ಮೂಗು ಹೇಳಿದ್ದನ್ನೇ ನಂಬಿ.

ಬಾಟಲಿಯೊಳಗೆ ಇರುವುದು ಒಂದು ವಾಸನೆಯಲ್ಲ. ಹತ್ತಾರು, ಕೆಲವೊಮ್ಮೆ ನೂರು ದಾಟುವಷ್ಟು ಪರಿಮಳ ದ್ರವ್ಯಗಳು ಆಲ್ಕೋಹಾಲಿನಲ್ಲಿ ಕರಗಿ ಕೂತಿರುತ್ತವೆ. ಮೈಗೆ ಬಿದ್ದ ಕೂಡಲೇ ಹಗುರವಾದವು ಮೊದಲು ಹಾರುತ್ತವೆ. ಬೆರ್ಗಮಾಟ್, ನಿಂಬೆ, ಕಿತ್ತಳೆ ಸಿಪ್ಪೆಯಂಥವು ಹತ್ತು ಹದಿನೈದು ನಿಮಿಷ ಮೆರೆದು ಹೊರಟುಹೋಗುತ್ತವೆ. ಆಮೇಲೆ ಒಂದೆರಡು ಗಂಟೆ ಲ್ಯಾವೆಂಡರ್, ಮೆಣಸು, ಏಲಕ್ಕಿ, ಹೂಗಳ ಸರದಿ. ಕೊನೆಗೆ ಉಳಿಯುವುದು ಮರ, ಕಸ್ತೂರಿ, ಅಂಬರ್, ವೆನಿಲ್ಲಾದಂಥ ಭಾರದ ವಸ್ತುಗಳು. ಈ ಕಸುಬಿನಲ್ಲಿ ಟಾಪ್, ಮಿಡ್ಲ್, ಬೇಸ್ ಅನ್ನುತ್ತೇವೆ. ಎಲ್ಲ ಹಾರಿದ ಮೇಲೆ ಚರ್ಮಕ್ಕೆ ಅಂಟಿ ನಿಂತ ಘಮಕ್ಕೆ ಡ್ರೈಡೌನ್. ಅಂಗಡಿಯಲ್ಲಿ ಮಾರಾಟವಾಗುವುದು ಟಾಪ್. ನೀವು ಮಧ್ಯಾಹ್ನ ಊಟದ ಹೊತ್ತಿನಿಂದ ರಾತ್ರಿಯವರೆಗೆ ಹೊತ್ತು ತಿರುಗುವುದು ಡ್ರೈಡೌನ್. ಕಾಗದದ ಪಟ್ಟಿ ಮೂಸಿ ಬಾಟಲಿ ಕೊಳ್ಳುವುದೆಂದರೆ, ಎಲೆ ತುದಿಯ ಉಪ್ಪಿನಕಾಯಿ ನೆಕ್ಕಿ ಊಟ ಚೆನ್ನಾಗಿದೆ ಎಂದು ಏಳುವುದು.

ನಿಮ್ಮ ಸೊವಾಜ್‌ನಲ್ಲಿ ಆದದ್ದೂ ಇದೇ. ಡಿಯೋರ್‌ಗಾಗಿ ಫ್ರಾಂಸ್ವಾ ದೆಮಾಶಿ ಮಾಡಿದ ಈ ಪರಿಮಳ 2015ರಲ್ಲಿ ಬಂತು. ಶುರುವಿನಲ್ಲಿ ಇಟಲಿಯ ಕಲಾಬ್ರಿಯಾದ ಬೆರ್ಗಮಾಟ್, ಜತೆಗೆ ಖಾರದ ಮೆಣಸು. ಆ ಆರಂಭ ಯಾರಿಗಾದರೂ ಹಿಡಿಸುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಳದಲ್ಲಿ ಆಂಬ್ರಾಕ್ಸಾನ್ ಎಂಬ ದ್ರವ್ಯ ಧಾರಾಳವಾಗಿದೆ. ತಿಮಿಂಗಿಲದ ಹೊಟ್ಟೆಯಿಂದ ಬರುವ ಅಂಬರ್‌ಗ್ರಿಸ್‌ನ ಘಮಕ್ಕೆ ಬದಲಾಗಿ ಬಳಸುವ ವಸ್ತು ಇದು. ಕ್ಲಾರಿ ಸೇಜ್ ಎಂಬ ಗಿಡದಿಂದ ಸಿಗುವ ಸ್ಕ್ಲಾರಿಯಾಲ್‌ನಿಂದ ತಯಾರಿಸುತ್ತಾರೆ. ಒಣಗಿದ, ಸ್ವಲ್ಪ ಉಪ್ಪುಪ್ಪಾದ, ಮರದ ಛಾಯೆಯ ವಾಸನೆ. ಗಂಟೆಗಟ್ಟಲೆ ನಿಲ್ಲುತ್ತದೆ. ಒಬ್ಬರಿಗೆ ಅದು ಬೆಚ್ಚನೆಯ ಘಮ, ಇನ್ನೊಬ್ಬರಿಗೆ ಮೂಗಿನೊಳಗೆ ಚುಚ್ಚುವ ಘಾಟು, ಮತ್ತೊಬ್ಬರಿಗೆ ಸರಿಯಾಗಿ ಗೊತ್ತೇ ಆಗುವುದಿಲ್ಲ. ಮೂಗುಗಳಲ್ಲಿ ಹುಟ್ಟಿನಿಂದಲೇ ಇಷ್ಟು ವ್ಯತ್ಯಾಸ ಇರುತ್ತದೆ. ನಿಮ್ಮ ತಲೆಗೇರಿದ್ದು ಬಹುಶಃ ಇದೇ. ಹಾಗಿದ್ದರೆ ಈಚಿನ ಹತ್ತು ವರ್ಷಗಳಲ್ಲಿ ಇದೇ ದಾರಿ ಹಿಡಿದು ಬಂದ, ‘ಬ್ಲೂ’ ಎಂದು ಕರೆಸಿಕೊಳ್ಳುವ ಕಡುನೀಲಿ ಬಾಟಲಿಗಳ ಗುಂಪಿನಲ್ಲಿ ಹಲವು ನಿಮಗೆ ಆಗಿಬರಲಿಕ್ಕಿಲ್ಲ. ಒಂದು ಬಾಟಲಿ ಹಿಡಿಸಲಿಲ್ಲ ಎಂಬುದರಿಂದ ಇಷ್ಟು ಗೊತ್ತಾಯಿತು, ಅದೂ ಪುಕ್ಕಟೆ.

ಈಗ ಉಳಿದ ಅರ್ಧ ಕೆಲಸ. ರಜೆಯ ದಿನ ಬೆಳಿಗ್ಗೆ, ಅಂಗಡಿ ತೆಗೆದ ಹೊಸದರಲ್ಲಿ ಹೋಗಿ. ಸಂಜೆಯ ಹೊತ್ತಿಗೆ ಆ ಗಾಳಿಯಲ್ಲಿ ನೂರು ಸೆಂಟು ಬೆರೆತಿರುತ್ತದೆ. ಅಂದು ಬಾಡಿ ಸ್ಪ್ರೇ ಹಾಕಬೇಡಿ, ಘಾಟಿನ ಸೋಪೂ ಬೇಡ. ಪಟ್ಟಿಯ ಮೇಲೆ ನಾಲ್ಕೈದು ಹಾಕಿಸಿ, ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಹೆಸರು ಬರೆದಿಡಿ. ಬರೆಯದಿದ್ದರೆ ಐದು ನಿಮಿಷದಲ್ಲಿ ಯಾವುದು ಯಾವುದೆಂದು ಗೊತ್ತಾಗದೆ ಎಲ್ಲ ಕಲಸಿಹೋಗುತ್ತದೆ. ಆಲ್ಕೋಹಾಲ್ ಆರಲು ಅರ್ಧ ನಿಮಿಷ ಬಿಟ್ಟು ಮೂಸಿ. ಪಟ್ಟಿಯನ್ನು ಮೂಗಿಗೆ ಒತ್ತಿಹಿಡಿಯುವುದು ಬೇಡ, ಎರಡು ಬೆರಳು ದೂರ ಸಾಕು. ಇದು ಆರಿಸುವುದಕ್ಕಲ್ಲ, ಬೇಡದ್ದನ್ನು ಬದಿಗಿಡುವುದಕ್ಕೆ. ಕೌಂಟರಿನಲ್ಲಿ ಕಾಫಿಬೀಜದ ಬಟ್ಟಲು ಮುಂದೆ ಇಡುತ್ತಾರೆ, ಮೂಗು ‘ರೀಸೆಟ್’ ಆಗುತ್ತದಂತೆ. ಅದರಲ್ಲಿ ಹೆಚ್ಚಿನ ಸತ್ವವಿಲ್ಲ. ಕಾಫಿಯೂ ಇನ್ನೊಂದು ಗಡುಸು ವಾಸನೆ ಅಷ್ಟೆ. ಮೂಗು ದಣಿದರೆ ಹೊರಗೆ ಹೋಗಿ ಗಾಳಿ ಕುಡಿಯಿರಿ, ಇಲ್ಲವೇ ಏನೂ ಹಾಕದ ನಿಮ್ಮದೇ ಮೊಣಕೈ ಮಡಿಕೆ ಮೂಸಿ.

ಉಳಿದ ಎರಡನ್ನು ಮಾತ್ರ ಮೈಗೆ ಹಾಕಿಸಿ, ಎಡ ಮುಂಗೈಗೆ ಒಂದು, ಬಲ ಮುಂಗೈಗೆ ಒಂದು. ಎರಡು ಮಣಿಕಟ್ಟನ್ನು ಒಂದಕ್ಕೊಂದು ಉಜ್ಜುವ ಅಭ್ಯಾಸ ಎಲ್ಲರಿಗೂ ಇದೆ, ಬಿಡಿ ಅದನ್ನು. ಉಜ್ಜಿದರೆ ಅಣುಗಳು ಒಡೆಯುತ್ತವೆ ಎಂಬುದು ಕಟ್ಟುಕತೆ, ಆದರೆ ಬಿಸಿಗೆ ಟಾಪ್ ಬೇಗ ಹಾರುವುದು ನಿಜ, ಎರಡು ಪರಿಮಳ ಕಲಬೆರಕೆಯಾಗುವುದೂ ನಿಜ. ಹಾಕಿಸಿಕೊಂಡು ಹೊರಗೆ ಬನ್ನಿ. ‘ಇವತ್ತೇ ಆಫರ್ ಕೊನೆ ಸರ್’ ಎಂದರೂ ಬನ್ನಿ. ಬಸ್ಸಿನಲ್ಲಿ ಹೋಗಿ, ಬಿಸಿಲಲ್ಲಿ ನಡೆಯಿರಿ, ಊಟ ಮಾಡಿ. ಹಾಕಿಸಿಕೊಂಡು ಕಾಲು ಗಂಟೆಯಾದ ಮೇಲೆ, ಒಂದು ಗಂಟೆಯಾದ ಮೇಲೆ, ನಾಲ್ಕು ಗಂಟೆಯಾದ ಮೇಲೆ, ಮಲಗುವ ಮುನ್ನ ಒಮ್ಮೊಮ್ಮೆ ಮೂಸಿ, ಮೊಬೈಲಿನಲ್ಲಿ ಎರಡೆರಡು ಪದ ಬರೆದುಕೊಳ್ಳಿ. ‘ಸೋಪು’, ‘ಹಸಿ ಮಣ್ಣು’, ‘ತಲೆನೋವು’, ‘ಅಜ್ಜನ ಪೆಟ್ಟಿಗೆ’ — ಏನು ಅನ್ನಿಸುತ್ತದೋ ಅದು. ಕಂಪನಿಯವರು ಬರೆದ ನೋಟ್‌ಗಳ, ಅಂದರೆ ಒಳಗೆ ಯಾವ ಯಾವ ಘಮವಿದೆ ಎಂಬುದರ, ಪಟ್ಟಿ ಆ ದಿನ ಓದಬೇಡಿ, ಓದಿದರೆ ಇಲ್ಲದ ಏಲಕ್ಕಿಯೂ ಮೂಗಿಗೆ ಬರುತ್ತದೆ. ನಾಲ್ಕನೇ ಗಂಟೆಯಲ್ಲಿ ಯಾವ ಕೈಯನ್ನು ಮತ್ತೆ ಮತ್ತೆ ಮೂಗಿನ ಹತ್ತಿರ ತರುತ್ತೀರೋ ಅದು ನಿಮ್ಮದು.

ಇನ್ನು ಇಡಿಟಿ, ಇಡಿಪಿ. ಓ ದ ಟ್ವಾಲೆಟ್, ಓ ದ ಪರ್ಫಾಂ ಎಂಬುದರ ಮೊದಲಕ್ಷರಗಳು. ಬಾಟಲಿಯಲ್ಲಿ ಪರಿಮಳ ದ್ರವ್ಯದ ಪಾಲು ಎಷ್ಟು ಎಂಬುದಕ್ಕೆ ರೂಢಿಯಲ್ಲಿರುವ ಹೆಸರುಗಳಿವು. ಓ ದ ಕಲೋನ್ ಎಂದರೆ ಸಾಮಾನ್ಯವಾಗಿ ಶೇ 2ರಿಂದ 5, ಇಡಿಟಿ ಶೇ 5ರಿಂದ 15, ಇಡಿಪಿ ಶೇ 15ರಿಂದ 20, ಪರ್ಫಾಂ ಅದಕ್ಕೂ ಮೇಲೆ. ಇದು ಕಾನೂನಿನ ಅಳತೆಯಲ್ಲ, ಪ್ರತಿ ಕಂಪನಿ ತನ್ನ ಲೆಕ್ಕ ತಾನು ಹಾಕಿಕೊಳ್ಳುತ್ತದೆ. ನೀವು ‘ಕಲೋನ್’ ಎಂದು ಕೇಳಿದ್ದೀರಿ. ಗಂಡಸರ ಪರ್ಫ್ಯೂಮಿಗೆಲ್ಲ ಅಮೆರಿಕದವರು ಹಾಗೆ ಹೇಳುವುದರಿಂದ ಅದು ನಮ್ಮಲ್ಲೂ ಬಂದಿದೆ. ಆದರೆ ಬಾಟಲಿಯ ಮೇಲೇ ಓ ದ ಕಲೋನ್ ಎಂದು ಅಚ್ಚಾಗಿದ್ದರೆ ಅದು ಜರ್ಮನಿಯ ಕಲೋನ್ ಪಟ್ಟಣದಲ್ಲಿ ಫರೀನಾ ಎಂಬ ಇಟಲಿಯವನು 18ನೇ ಶತಮಾನದ ಆರಂಭದಲ್ಲಿ ಶುರುಮಾಡಿದ ನಿಂಬೆ-ಕಿತ್ತಳೆ ಜಾತಿಯ ತೆಳು ನೀರು. ಸ್ನಾನವಾದ ಮೇಲೆ ಹಾಯಾಗಿರುತ್ತದೆ, ಎರಡು ತಾಸಿಗೆ ಮುಗಿಯುತ್ತದೆ. ಮುಗಿಯಬೇಕಾದದ್ದೇ ಅದು. ಅದನ್ನು ದೂರುವಂತಿಲ್ಲ.

ಅಂಗಡಿಯವರ ಮಾತಿನಲ್ಲಿ ತಪ್ಪಿರುವುದು ‘ಕ್ವಾಲಿಟಿ’ ಎಂಬ ಕಡೆ. ಇಡಿಪಿ ಅಂದರೆ ಇಡಿಟಿಯ ಗಟ್ಟಿ ರೂಪ ಎಂದು ತಿಳಿಯುವುದು ಸಹಜ, ಆದರೆ ಈಗಿನ ಡಿಸೈನರ್ ಬಾಟಲಿಗಳಲ್ಲಿ ಹೆಚ್ಚಿನ ಪಾಲು ಹಾಗಿಲ್ಲ. ಸೂತ್ರವೇ ಬೇರೆ. ಬ್ಲೂ ದ ಶನೆಲ್ ನೋಡಿ: 2010ರ ಇಡಿಟಿ ಶುಂಠಿ, ನಿಂಬೆ ಜಾತಿಯ ಚುರುಕು, 2014ರ ಇಡಿಪಿ ಸಿಹಿಯ ಕಡೆ ವಾಲಿದ್ದು, 2018ರ ಪರ್ಫಾಂನಲ್ಲಿ ಗಂಧದ ಮರ ಮುಂದೆ ಬಂದಿದೆ. ಒಂದೇ ಹೆಸರಿನ ಮೂವರು ಅಣ್ಣತಮ್ಮಂದಿರು, ಸ್ವಭಾವ ಬೇರೆಬೇರೆ. ಇದರಲ್ಲಿ ಯಾರೂ ಮೇಲಲ್ಲ. ಕರಾವಳಿಯ ಸೆಕೆಗೆ ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ. ಇಡಿಪಿಗೆ ಬೆಲೆ ಹೆಚ್ಚು ಎಂಬುದನ್ನೂ ಅಂಗಡಿಯ ಸಲಹೆಯ ಜತೆಗಿಟ್ಟು ನೋಡಿ.

‘ಡಿಸೈನರ್’ ಎಂಬ ಹೆಸರಿನ ಬಗ್ಗೆಯೂ ಭ್ರಮೆ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ಬಟ್ಟೆ, ಚೀಲ, ಫ್ಯಾಷನ್ನಿನ ಮನೆಗಳ ಹೆಸರಿನಲ್ಲಿ ಬರುವ ಪರಿಮಳಗಳಿವು. ಶನೆಲ್, ಡಿಯೋರ್, ಎರ್ಮೆಸ್‌ನಂಥ ಕೆಲವರು ತಮ್ಮಲ್ಲೇ ಪರಿಮಳ ತಜ್ಞರನ್ನು ಇಟ್ಟುಕೊಂಡಿದ್ದಾರೆ. ಉಳಿದ ಬಹುಪಾಲು ಹೆಸರುಗಳನ್ನು ಲೈಸೆನ್ಸ್ ಪಡೆದ ಸೌಂದರ್ಯವರ್ಧಕ ಕಂಪನಿಗಳು ನಡೆಸುತ್ತವೆ. ಅರ್ಮಾನಿ ಪರ್ಫ್ಯೂಮ್ ಲೊರಿಯಾಲ್‌ನ ಕೈಯಲ್ಲಿದೆ, ಡೇವಿಡಾಫ್ ಕೋಟಿ (Coty) ಎಂಬ ಕಂಪನಿಯ ಕೈಯಲ್ಲಿದೆ. ಒಳಗಿನ ಸೂತ್ರ ಬರೆಯುವವರು ಜಿವೋದಾನ್, ಡಿಎಸ್‌ಎಂ-ಫಿರ್ಮೆನಿಕ್, ಐಎಫ್‌ಎಫ್, ಸಿಮ್‌ರೈಸ್ ಎಂಬ ನಾಲ್ಕು ದೊಡ್ಡ ಕಂಪನಿಗಳಲ್ಲಿ ಕೂತಿರುತ್ತಾರೆ. ಆಲ್ಬರ್ಟೊ ಮೊರಿಯಾಸ್ ಒಬ್ಬನೇ ಕೆಲ್ವಿನ್ ಕ್ಲೈನ್‌ನ ಸಿಕೆ ಒನ್, ಅರ್ಮಾನಿಯ ಆಕ್ವಾ ಡಿ ಜಿಯೊ, ವರ್ಸಾಚೆಯ ಡಿಲನ್ ಬ್ಲೂ ಮೂರರಲ್ಲೂ ಇದ್ದಾನೆ. ಮೊದಲೆರಡರಲ್ಲಿ ಜತೆಗಾರರೂ ಇದ್ದರು. ಆದ್ದರಿಂದ ಬ್ರ್ಯಾಂಡ್ ನೋಡಿ ಇಷ್ಟಪಡುವುದಕ್ಕಿಂತ ಪರಿಮಳದ ಕುಲ ನೋಡಿ ಇಷ್ಟಪಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕುಲ ಅಂದೆ. ಗಂಡಸರ ಕಪಾಟಿನಲ್ಲಿ ಮುಖ್ಯವಾದವು ನಾಲ್ಕೈದೇ. ಹಳೆಯದು ಫುಜೇರ್: ಲ್ಯಾವೆಂಡರ್, ಒಣಹುಲ್ಲಿನ ಘಮದ ಕೂಮರಿನ್, ಓಕ್ ಮರದ ಪಾಚಿ. 1882ರಲ್ಲಿ ಪ್ಯಾರಿಸಿನ ಊಬಿಗಾಂ ಕಂಪನಿಯ ಫುಜೇರ್ ರೊಯಾಲ್‌ನಿಂದ ಈ ಹೆಸರು ಬಂತು. ಸೆಲೂನಿನಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ಬಡಿಯುವ ಎಷ್ಟೋ ಲೋಷನ್ನುಗಳು ಇದರ ಬಡ ನೆಂಟರು. ನಿಮ್ಮ ತಂದೆಯವರ ಕಾಲದ ಬ್ರೂಟ್ ಇದೇ ಜಾತಿ. ಓಲ್ಡ್ ಸ್ಪೈಸ್ ಮಾತ್ರ ಬೇರೆ, ಅದು ಲವಂಗ-ದಾಲ್ಚಿನ್ನಿಯ ಮಸಾಲೆಯದು. ಎರಡನೆಯದು ನೀರಿನ, ಸಮುದ್ರದ ಗುಂಪು. 1988ರ ಡೇವಿಡಾಫ್ ಕೂಲ್ ವಾಟರ್, 1994ರ ಇಸೆ ಮಿಯಾಕೆಯ ಲೋ ಡಿಸೆ, 1996ರ ಆಕ್ವಾ ಡಿ ಜಿಯೊ. ಮೂರನೆಯದು ಮರ ಮತ್ತು ಬೇರಿನದು. ನಾಲ್ಕನೆಯದು ಸಿಹಿ: ವೆನಿಲ್ಲಾ, ಟೊಂಕಾ ಬೀಜ, ಜೇನು. 1995ರಲ್ಲಿ ಫ್ರಾನ್ಸಿಸ್ ಕುರ್ಕ್‌ಜಿಯಾನ್ ಜಾಂ ಪೋಲ್ ಗೋತಿಯೆಗೆ ಮಾಡಿದ ಲ ಮಾಲ್, 2008ರ ಪಾಕೊ ರಬಾನ್ ವನ್ ಮಿಲಿಯನ್ ಈ ಕಡೆಯವು. ಐದನೆಯದು ಆಗಲೇ ಹೇಳಿದ ನೀಲಿ ಗುಂಪು. ‘ಪೂರ್ ಓಮ್’, ಗಂಡಸರಿಗೆ, ಎಂಬ ಚೀಟಿಗೆ ತೂಕ ಕೊಡಬೇಕಿಲ್ಲ. ಗುಲಾಬಿ ಅತ್ತರು ಹಚ್ಚಿಕೊಂಡು ಶುಕ್ರವಾರದ ನಮಾಜಿಗೆ ಹೋಗುವ ಗಂಡಸರು ನಿಮ್ಮ ಊರಲ್ಲೇ ಇದ್ದಾರೆ, ಯಾರೂ ಅದನ್ನು ಹೆಂಗಸರ ವಾಸನೆ ಅನ್ನುವುದಿಲ್ಲ.

ನಿಮ್ಮ ಊರು ಇಲ್ಲಿ ದೊಡ್ಡ ವಿಷಯ. ಪರ್ಫ್ಯೂಮಿನ ವಿಡಿಯೋ ಮಾಡುವವರಲ್ಲಿ ಅನೇಕರು ಚಳಿದೇಶದವರು. ಅವರು ‘ಬೀಸ್ಟ್’ ಎಂದು ಹೊಗಳುವ ಸಿಹಿ ಅಂಬರ್ ಬಾಟಲಿ ಏಪ್ರಿಲ್‌ನಲ್ಲಿ ಹಂಪನಕಟ್ಟೆಯ ಬಸ್ಸಿನಲ್ಲಿ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಸೆಕೆಗೆ ಎಲ್ಲವೂ ಬೇಗ ಹಾರುತ್ತದೆ. ಅಂದರೆ ಅದೇ ಎರಡು ಸ್ಪ್ರೇ ಆರಂಭದಲ್ಲಿ ಜೋರಾಗಿ ಹರಡಿ, ಬೇಗ ಇಳಿಯುತ್ತದೆ. ತೇವದ ಗಾಳಿಯಲ್ಲಿ ಬೆವರಿನ ಜತೆ ವೆನಿಲ್ಲಾ ಸೇರಿದರೆ ಪಾಕ ಹಳಸಿದ ಹಾಗೆ ಅನ್ನಿಸುವುದುಂಟು. ಬೆಂಗಳೂರಿನ ಡಿಸೆಂಬರ್ ಸಂಜೆಗೆ ಲ ಮಾಲ್ ಚೆಂದ, ಮಂಗಳೂರಿನ ಮೇ ತಿಂಗಳ ಮದುವೆ ಛತ್ರಕ್ಕೆ ಖಂಡಿತ ಬೇಡ. ಎಸಿಯೊಳಗೆ ಎಲ್ಲವೂ ನಿಧಾನ, ಹಾಗಾಗಿ ದಿನವಿಡೀ ಎಸಿಯಲ್ಲಿ ಕೂರುವವರಿಗೆ ಸ್ವಲ್ಪ ಸಡಿಲ ಸಿಗುತ್ತದೆ.

ನೀವು ಮೂಸಲೇಬೇಕಾದ ಮೂರು ಹೇಳುತ್ತೇನೆ.

ಮೊದಲು ಎರ್ಮೆಸ್‌ನ ‘ಟೆರ್ ದೆರ್ಮೆಸ್’ ಇಡಿಟಿ. 2006ರಲ್ಲಿ ಜಾಂ-ಕ್ಲೋದ್ ಎಲೆನಾ ಮಾಡಿದ್ದು. ಹಾಕಿದ ಕೂಡಲೇ ಕಿತ್ತಳೆ, ಅದೂ ಹಣ್ಣಿನ ರಸವಲ್ಲ, ಕೈಯಲ್ಲಿ ಸಿಪ್ಪೆ ಮುರಿದಾಗ ಚಿಮ್ಮುವ ಎಣ್ಣೆಯ ಕಹಿ. ಹಿಂದೆಯೇ ಕಾಳುಮೆಣಸು, ಕಲ್ಲಿಗೆ ಕಲ್ಲು ಉಜ್ಜಿದಾಗ ಬರುವಂಥ ಒಂದು ಒಣ ವಾಸನೆ. ಒಂದು ಗಂಟೆ ಕಳೆದ ಮೇಲೆ ಲಾವಂಚ ಬರುತ್ತದೆ. ಮಡಕೆಯ ನೀರಿಗೆ ಲಾವಂಚದ ಬೇರು ಹಾಕಿ ಕುಡಿದ ನಮ್ಮ ಕರಾವಳಿಯವರಿಗೆ ಈ ಬೇರಿನ ತಂಪು ಹೊಸದಲ್ಲ. ಫ್ರೆಂಚರು ಅದನ್ನೇ ವೆಟಿವರ್ ಎಂದು ಸೂಟು ತೊಡಿಸಿದ್ದಾರೆ. ಪರ್ಫ್ಯೂಮಿಗೆ ಹೋಗುವ ಲಾವಂಚದ ಎಣ್ಣೆಯ ದೊಡ್ಡ ಪಾಲು ಹೈಟಿಯಿಂದ ಬರುತ್ತದೆ. ಸೆಕೆಯಲ್ಲಿ ಇದು ಕೆಡುವುದಿಲ್ಲ, ಇನ್ನೂ ಚೆನ್ನಾಗಿ ಅರಳುತ್ತದೆ ಎಂಬುದು ನನ್ನ ಅನುಭವ. ಒಂದೇ ಆಕ್ಷೇಪ ಬರಬಹುದು: ಕೆಲವು ಇಪ್ಪತ್ತೈದರ ಹುಡುಗರು ಮೂಸಿ ‘ಅಂಕಲ್ ವಾಸನೆ’ ಅನ್ನುತ್ತಾರೆ. 31ಕ್ಕೆ ಅಡ್ಡಿಯಿಲ್ಲ.

ಎರಡನೆಯದು ಆಕ್ವಾ ಡಿ ಜಿಯೊ, ಹಳೆಯ ಇಡಿಟಿ. ನಿಂಬೆ, ಸಮುದ್ರದ ಗಾಳಿ, ಒಳಗೆ ಮಲ್ಲಿಗೆ ಜಾತಿಯ ಹೂವು. ಯಾರಿಗೂ ತೊಂದರೆ ಕೊಡದ ಪರಿಮಳ. ಮೂವತ್ತು ವರ್ಷದಿಂದ ಎಲ್ಲರೂ ಹಾಕಿ ಹಾಕಿ ಸ್ವಲ್ಪ ಸವೆದಿದೆ ಎಂದು ನನಗೆ ಅನ್ನಿಸುತ್ತದೆ, ಆದರೆ ಬ್ಯಾಂಕ್ ಕೌಂಟರಿಗೆ ಇದಕ್ಕಿಂತ ನಿರುಪದ್ರವಿ ಸಿಗುವುದು ಕಷ್ಟ. ಮೂರನೆಯದು ಬ್ಲೂ ದ ಶನೆಲ್ ಇಡಿಟಿ. ನೀಲಿ ಗುಂಪಿನದೇ ಆದರೂ ಸೊವಾಜ್‌ಗಿಂತ ಮೃದು, ನಿಮ್ಮ ತಲೆಗೆ ಇದು ಏರುತ್ತದೋ ಇಲ್ಲವೋ ನಾಲ್ಕು ಗಂಟೆಯ ಪರೀಕ್ಷೆಯೇ ಹೇಳಬೇಕು. ದುಡ್ಡು ಉಳಿಸಬೇಕೆಂದರೆ ಕೂಲ್ ವಾಟರ್ ಈಗಲೂ ಮರ್ಯಾದೆಯ ವಸ್ತು. ಪಿಯರ್ ಬೂರ್ದೋನ್ ಅದನ್ನು ಮಾಡಿದಾಗ ಹೊಸ ದಾರಿಯನ್ನೇ ತೆರೆದಿದ್ದ. ಅಗ್ಗಕ್ಕೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಜನ ಮೂಗು ಮುರಿಯುತ್ತಾರೆ.

ಶ್ರೀಗಂಧದ ನಾಡಿನವರಾಗಿ ಗಂಧದ ಪರಿಮಳವೇ ಬೇಕು ಎನ್ನಿಸಿದರೆ ಒಂದು ಮಾತು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಮರ ಸಾಗದೆ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸರ್ಕಾರ 1916ರಲ್ಲಿ ಗಂಧದೆಣ್ಣೆಯನ್ನು ತಾನೇ ತೆಗೆಯಲು ಶುರುಮಾಡಿತು. ‘ಮೈಸೂರು ಸ್ಯಾಂಡಲ್’ ಎಂಬುದು ಪ್ಯಾರಿಸಿನ ಪರಿಮಳಗಾರರ ಬಾಯಲ್ಲಿ ಗುಣಮಟ್ಟದ ಹೆಸರಾಯಿತು. ಶನೆಲ್‌ನ ಎಗೋಯಿಸ್ಟ್‌ನಂಥ 1990ರ ಬಾಟಲಿಯ ಹೆಮ್ಮೆಯೇ ಗಂಧ. ಆದರೆ ಇವತ್ತು ಡಿಸೈನರ್ ಬಾಟಲಿಯ ನೋಟ್‌ಗಳಲ್ಲಿ ‘ಸ್ಯಾಂಡಲ್‌ವುಡ್’ ಎಂದಿದ್ದರೆ ಅದು ಹೆಚ್ಚಾಗಿ ಜಾವನಾಲ್‌ನಂಥ ಕೃತಕ ದ್ರವ್ಯ, ಇಲ್ಲವೇ ಆಸ್ಟ್ರೇಲಿಯಾದ ತೋಟದ್ದು, ನ್ಯೂ ಕ್ಯಾಲೆಡೋನಿಯಾದ್ದು. ಚೆನ್ನಾಗಿಲ್ಲ ಎಂದಲ್ಲ. ದೇವರಮನೆಯ ಸಾಣೆಕಲ್ಲಿನ ಮೇಲೆ ತೇಯ್ದ ಗಂಧವನ್ನು ನೆನೆದು ಮೂಸಿದರೆ ನಿರಾಸೆಯಾಗುತ್ತದೆ, ಅಷ್ಟೆ.

‘ಎರಡೇ ಗಂಟೆಯಲ್ಲಿ ಮಾಯ’ ಎಂದಿರಿ. ಮಾಯವಾದದ್ದು ಪರಿಮಳವೋ ನಿಮ್ಮ ಮೂಗೋ ಎಂದು ಮೊದಲು ನೋಡಬೇಕು. ಒಂದೇ ವಾಸನೆಯಲ್ಲಿ ಕೂತಿದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಮೀನು ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವರನ್ನು ಕೇಳಿದರೂ ಹೇಳುತ್ತಾರೆ. ಐಸೊ ಈ ಸೂಪರ್ ಎಂಬ ಮರದ ಘಮದ ದ್ರವ್ಯ, ಕೆಲವು ಬಗೆಯ ಕಸ್ತೂರಿಗಳು ಈ ಆಟಕ್ಕೆ ಹೆಸರುವಾಸಿ. ಹಾಕಿಕೊಂಡವರಿಗೆ ಇಲ್ಲವೇ ಇಲ್ಲ ಅನ್ನಿಸುತ್ತದೆ, ಪಕ್ಕದಲ್ಲಿ ಹಾದವರು ತಿರುಗಿ ನೋಡುತ್ತಾರೆ. ಟೆರ್ ದೆರ್ಮೆಸ್‌ನಲ್ಲೂ ಐಸೊ ಈ ಸೂಪರ್ ಸಾಕಷ್ಟಿದೆ. ಆದ್ದರಿಂದ ಸಂಜೆ ಮನೆಗೆ ಬಂದಾಗ ಅಮ್ಮನನ್ನೋ ಹೆಂಡತಿಯನ್ನೋ ಕೇಳಿ, ಅಥವಾ ಅಂಗಿ ಬಿಚ್ಚಿಟ್ಟು ಮರುದಿನ ಬೆಳಿಗ್ಗೆ ಕಾಲರ್ ಮೂಸಿ. ನಿಮಗೆ ಕೇಳಿಸದ ವಾಸನೆ ಅಲ್ಲಿ ಕೂತಿರುತ್ತದೆ. ಇದನ್ನು ತಿಳಿಯದೆ ಊಟದ ಬಿಡುವಿನಲ್ಲಿ ಮತ್ತೆ ನಾಲ್ಕು ಸ್ಪ್ರೇ ಹೊಡೆದು ಬರುವವರೇ ಲಿಫ್ಟಿನಲ್ಲಿ ಎಲ್ಲರ ಉಸಿರು ಕಟ್ಟಿಸುವವರು.

ನಿಜವಾಗಿಯೇ ನಿಲ್ಲದಿದ್ದರೆ ಚರ್ಮ ಒಣಗಿರಬಹುದು. ಸ್ನಾನ ಮಾಡಿ ಮೈ ಒರೆಸಿಕೊಂಡು, ಹಾಕುವ ಜಾಗಕ್ಕೆ ವಾಸನೆಯಿಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿ, ಅದರ ಮೇಲೆ ಹಾಕಿ. ನಿಮ್ಮ ಕೆಲಸಕ್ಕೆ ಎರಡು ಸ್ಪ್ರೇ ಸಾಕು: ಎದೆಗೆ ಒಂದು, ಅಂಗಿ ತೊಡುವ ಮೊದಲು, ಕತ್ತಿನ ಹಿಂಭಾಗಕ್ಕೆ ಒಂದು. ಕೌಂಟರಿನ ಆಚೆ ನಿಂತ ಗ್ರಾಹಕರಿಗೆ ಎದ್ದುಹೋಗುವ ಆಯ್ಕೆಯಿಲ್ಲ, ಅವರಲ್ಲಿ ಉಬ್ಬಸದವರು, ಅರೆತಲೆನೋವಿನವರು ಇರುತ್ತಾರೆ. ಬಟ್ಟೆ ಮೇಲೆ ಹೊಡೆದರೆ ಹೆಚ್ಚು ಹೊತ್ತು ನಿಲ್ಲುತ್ತದೆ ನಿಜ, ಆದರೆ ಬಿಳಿ ಅಂಗಿ, ರೇಷ್ಮೆ ಶಲ್ಯಕ್ಕೆ ಕಲೆ ಬೀಳಬಹುದು. ಬೆವರಿನ ವಾಸನೆಗೆ ಪರ್ಫ್ಯೂಮ್ ಮದ್ದಲ್ಲ ಎಂಬುದನ್ನೂ ಸೇರಿಸುತ್ತೇನೆ. ಕಂಕುಳಿಗೆ ವಾಸನೆ ಕಡಿಮೆಯ ಡಿಯೋಡರೆಂಟ್ ಬೇರೆಯೇ ಬೇಕು, ಇಲ್ಲದಿದ್ದರೆ ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತದೆ.

‘ಹಳೇ ಬ್ಯಾಚ್ ಒಳ್ಳೆಯದು, ಹೊಸದರಲ್ಲಿ ದಮ್ಮಿಲ್ಲ’ ಎಂಬ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಅಲರ್ಜಿ ಮತ್ತಿತರ ಕಾರಣಕ್ಕೆ ಓಕ್ ಪಾಚಿಯಂಥ ವಸ್ತುಗಳಿಗೆ ಮಿತಿ ಬಿದ್ದಿದೆ, ಲಿಲಿಯಾಲ್ ಎಂಬ ಹೂಘಮದ ಕೃತಕ ದ್ರವ್ಯವನ್ನು ಯುರೋಪ್ ಒಕ್ಕೂಟ 2022ರ ಮಾರ್ಚ್‌ನಿಂದ ನಿಷೇಧಿಸಿದೆ, ಸೂತ್ರಗಳು ಬದಲಾಗಿವೆ. ಮೊದಲ ಬಾಟಲಿ ಕೊಳ್ಳುವವರು ಅದನ್ನು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಇವತ್ತು ಅಂಗಡಿಯಲ್ಲಿ ಇರುವುದು ನಿಮ್ಮ ಕೈ ಮೇಲೆ ಹೇಗಿದೆ ಎಂಬುದೇ ಪ್ರಶ್ನೆ.

ಈಗ ಖರೀದಿ. 100 ಎಂಎಲ್‌ನಲ್ಲಿ ಎಂಎಲ್‌ಗೆ ಬೆಲೆ ಕಡಿಮೆ ಬೀಳುತ್ತದೆ ಎಂದು ಎಲ್ಲರೂ ದೊಡ್ಡದನ್ನೇ ಎತ್ತಿಕೊಳ್ಳುತ್ತಾರೆ. ಒಂದು ಸ್ಪ್ರೇಗೆ ಸುಮಾರು 0.1 ಎಂಎಲ್ ಖರ್ಚು. 50 ಎಂಎಲ್‌ನಲ್ಲಿ ಐನೂರರ ಆಸುಪಾಸು ಸ್ಪ್ರೇ. ದಿನಕ್ಕೆ ಎರಡರಂತೆ ಎಂಟು ತಿಂಗಳಿಗೂ ಹೆಚ್ಚು. ಮೊದಲ ಬಾಟಲಿಗೆ ಅದು ಯಥೇಚ್ಛ, ನಿಮ್ಮ ಬಜೆಟ್ಟಿಗೂ ಅದೇ ಹತ್ತಿರ. ಬಾಟಲಿಯನ್ನು ಬಚ್ಚಲಿನ ಕಪಾಟಿನಲ್ಲಿ, ಕಿಟಕಿಯ ಬಿಸಿಲಲ್ಲಿ, ಕಾರಿನಲ್ಲಿ ಇಡಬೇಡಿ. ಅದು ಬಂದ ಪೆಟ್ಟಿಗೆಯಲ್ಲೇ ಬಟ್ಟೆ ಬೀರುವಿನೊಳಗೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಊರಲ್ಲೇ ಕೊಳ್ಳುವುದಾದರೆ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಇದೆಯೇ ನೋಡಿ. ಕಾನೂನಿನ ಪ್ರಕಾರ ಇರಲೇಬೇಕು. ಪೆಟ್ಟಿಗೆಯ ತಳದ ಬ್ಯಾಚ್ ಸಂಖ್ಯೆ ಬಾಟಲಿಯ ತಳದ್ದಕ್ಕೆ ಹೊಂದಬೇಕು. ಹೊಂದಿದ ಮಾತ್ರಕ್ಕೆ ಅಸಲಿ ಎಂದೇನಲ್ಲ, ನಕಲಿ ಮಾಡುವವರು ನಿಜವಾದ ಸಂಖ್ಯೆಯನ್ನೇ ಅಚ್ಚು ಹಾಕುತ್ತಾರೆ. ಹೊಂದದಿದ್ದರೆ ಮಾತ್ರ ಮುಟ್ಟಬೇಡಿ. ಅರ್ಧ ಬೆಲೆಗೆ ‘ಟೆಸ್ಟರ್’, ‘ಫಸ್ಟ್ ಕಾಪಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಮಾರುವವರಿಂದ ದೂರವಿರಿ. ದುಬೈಯ ಕಂಪನಿಗಳು ತಮ್ಮದೇ ಹೆಸರಿನಲ್ಲಿ, ಪ್ರಸಿದ್ಧ ಪರಿಮಳಗಳ ಛಾಯೆಯಲ್ಲಿ ಮಾಡುವ ಅಗ್ಗದ ಬಾಟಲಿಗಳು ಬೇರೆ ವಿಷಯ. ಅವು ನಕಲಿಯಲ್ಲ, ಕೆಲವು ಚೆನ್ನಾಗಿಯೂ ಇವೆ.

ಭಾವನಿಗೆ ಹೇಳುವಾಗ ಬರೀ ಹೆಸರು ಹೇಳಬೇಡಿ, ಅಂಗಡಿಯಲ್ಲಿ ನೀವು ಮೂಸಿದ ಪೆಟ್ಟಿಗೆಯ ಫೋಟೋ ಕಳಿಸಿ. ‘ಸೊವಾಜ್’ ಎಂದು ಹೇಳಿದ್ದರೆ ಏನಾಗುತ್ತಿತ್ತು ನೋಡಿ: ಇಡಿಟಿ, ಇಡಿಪಿ, ಪರ್ಫಾಂ, ಎಲಿಕ್ಸಿರ್ ಎಂದು ಒಂದೇ ಹೆಸರಿನಲ್ಲಿ ಹಲವು ಇವೆ, ಅದರ ಮೇಲೆ ‘ಓ ಸೊವಾಜ್’ ಎಂಬ ಇನ್ನೊಂದು 1966ರದು, ಎಡ್ಮಂಡ್ ರುದ್ನಿಟ್ಸ್ಕಾ ಮಾಡಿದ್ದು, ಅದಕ್ಕೂ ಇವಕ್ಕೂ ಸಂಬಂಧವೇ ಇಲ್ಲ. ಆಕ್ವಾ ಡಿ ಜಿಯೊದಲ್ಲೂ ಇದೇ ಪಾಡು. ‘ಓ ದ ಟ್ವಾಲೆಟ್, 50 ಎಂಎಲ್’ ಎಂದು ಫೋಟೋದ ಕೆಳಗೆ ಬರೆಯಿರಿ, ಡ್ಯೂಟಿ ಫ್ರೀಯಲ್ಲಿ ಅದು ಇಲ್ಲದಿದ್ದರೆ ಬೇರೆ ಯಾವುದನ್ನೂ ತರಬೇಡಿ ಎಂದು ಸೇರಿಸಿ. ಅಲ್ಲಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಇಲ್ಲಿನ ಆಫರ್ ಬೆಲೆಯ ಜತೆ ಒಮ್ಮೆ ತಾಳೆ ನೋಡಿ. ಹಬ್ಬದ ಸೇಲ್ ಹೊತ್ತಿನಲ್ಲಿ ಇಲ್ಲೇ ಕಡಿಮೆಗೆ ಸಿಗುವುದುಂಟು, ಆಗ ಭಾವನಿಗೆ ಖರ್ಜೂರ ತರಲು ಹೇಳಿ.